ನಿಮ್ಮ ಕಾಯಿಲೆಯ ಮಾತು, ನಿಮ್ಮ ಫೈಲು: ಕ್ಲಿನಿಕ್ಕಿಗೆ ಹೋಗುವವರಿಗೊಂದು ಕೈಪಿಡಿ

ಚಿಕ್ಕಮ್ಮನಿಗೆ ಬಿ.ಪಿ. ತೋರಿಸಲೆಂದು ತಾಲ್ಲೂಕು ಕೇಂದ್ರವೊಂದರ ನರ್ಸಿಂಗ್ ಹೋಮಿಗೆ ಹೋಗಿ ಬೆಂಚಿನ ಮೇಲೆ ಕುಳಿತಿದ್ದಾಗ ಕಂಡದ್ದನ್ನು ಮೊದಲು ಹೇಳುತ್ತೇನೆ. ಇಪ್ಪತ್ತೈದರ ಆಸುಪಾಸಿನ ಹೆಣ್ಣುಮಗಳೊಬ್ಬಳು ಕೌಂಟರಿನ ಮುಂದೆ ನಿಂತು ಹೆಸರು, ವಯಸ್ಸು ಬರೆಸುತ್ತಿದ್ದಳು. ಒಳಗಿದ್ದ ಸಿಬ್ಬಂದಿ ಪುಸ್ತಕದಿಂದ ತಲೆಯೆತ್ತದೆಯೇ, ಹಿಂದಿನ ಬೆಂಚಿನವರಿಗೂ ಕೇಳುವ ದನಿಯಲ್ಲಿ, "ಏನು ತೊಂದರೆ? ಮುಟ್ಟಿಂದಾ, ಬಿಳಿ ಹೋಗೋದಾ?" ಎಂದು ಕೇಳಿದರು. ಆಕೆ ಒಮ್ಮೆ ಹಿಂದಿರುಗಿ ನೋಡಿದಳು. ನಾವು ಹತ್ತು ಹನ್ನೆರಡು ಜನ ಕುಳಿತಿದ್ದೆವು. ಸೆರಗನ್ನು ಹೆಗಲಿಗೆ ಎಳೆದುಕೊಂಡು, "ಏನಿಲ್ಲ, ತಲೆನೋವು" ಎಂದಳು. ಚೀಟಿಯಲ್ಲಿ ತಲೆನೋವೆಂದೇ ಬರೆದುಕೊಂಡರು. ವೈದ್ಯರ ಕೋಣೆಯ ಬಾಗಿಲೂ ತೆರೆದೇ ಇತ್ತು. ಎರಡು ನಿಮಿಷದಲ್ಲಿ ಆಕೆ ಹೊರಗೆ ಬಂದಳು.

ಆಸ್ಪತ್ರೆಯೊಂದರ ದಾಖಲೆ ವಿಭಾಗದಲ್ಲಿ, ಅಂದರೆ ಎಲ್ಲರೂ ಎಂಆರ್‌ಡಿ ಎಂದು ಕರೆಯುವ ಆ ಫೈಲುಗಳ ಕೋಣೆಯಲ್ಲಿ, ಹಲವು ವರ್ಷ ಕೆಲಸ ಮಾಡಿದ ನನಗೆ ಅಂದು ಮನಸ್ಸಿಗೆ ಬಹಳ ಕಸಿವಿಸಿಯಾಯಿತು. ರೋಗಿಯ ಗುಟ್ಟನ್ನು ಕಾಯುವುದೆಂದರೆ ಮರ್ಯಾದೆಯ ಮಾತು ಮಾತ್ರವಲ್ಲ, ಅದು ಚಿಕಿತ್ಸೆಯ ಮೊದಲ ಹೆಜ್ಜೆ. ಯಾರೋ ಕೇಳಿಸಿಕೊಳ್ಳುತ್ತಾರೆಂಬ ಭಯವಿದ್ದವರು ವೈದ್ಯರ ಮುಂದೆ ಅರ್ಧ ಸತ್ಯ ಹೇಳುತ್ತಾರೆ, ಅರ್ಧ ಸತ್ಯಕ್ಕೆ ಅರ್ಧ ಔಷಧವೇ ಸಿಗುತ್ತದೆ. ಆದ್ದರಿಂದ ಕ್ಲಿನಿಕ್ಕಿನಲ್ಲಿ ಎಲ್ಲಿ, ಯಾರಿಗೆ, ಯಾವ ಮಾತಿನಲ್ಲಿ ನಿಮ್ಮ ಹಕ್ಕನ್ನು ಕೇಳಬೇಕೆಂಬುದನ್ನು ಇಲ್ಲಿ ಬಿಡಿಸಿ ಬರೆದಿದ್ದೇನೆ.

ಹಕ್ಕಿಗೆ ಆಧಾರ ಯಾವುದು

ಖಾಸಗಿತನವು ಸಂವಿಧಾನ ಕೊಟ್ಟ ಮೂಲಭೂತ ಹಕ್ಕೆಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಒಮ್ಮತದಿಂದ ತೀರ್ಪಿತ್ತಿತು. ಆ ಪ್ರಕರಣವನ್ನು ಹೂಡಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಎಂಬುದನ್ನು ಕನ್ನಡಿಗರು ನೆನಪಿನಲ್ಲಿಟ್ಟುಕೊಳ್ಳಬೇಕು. ಆದರೆ ಕ್ಲಿನಿಕ್ಕಿನ ಕೌಂಟರಿನಲ್ಲಿ ನಿಮಗೆ ಹೆಚ್ಚು ಕೆಲಸಕ್ಕೆ ಬರುವುದು ಭಾರತೀಯ ವೈದ್ಯಕೀಯ ಪರಿಷತ್ತಿನ 2002ರ ವೃತ್ತಿ ನಡವಳಿಕೆ ನಿಯಮಾವಳಿ. 2023ರ ಆಗಸ್ಟಿನಲ್ಲಿ ಇದರ ಜಾಗಕ್ಕೆ ಹೊಸ ನಿಯಮಾವಳಿ ಹೊರಬಂದರೂ ಅದನ್ನು ಅದೇ ತಿಂಗಳು ತಡೆಹಿಡಿಯಲಾಯಿತು; ಹಾಗಾಗಿ ವೈದ್ಯರು ನಡೆದುಕೊಳ್ಳಬೇಕಾದದ್ದು 2002ರ ನಿಯಮಾವಳಿಯಂತೆಯೇ. ಅದರ 7.14ನೇ ನಿಯಮದ ಪ್ರಕಾರ, ವೃತ್ತಿಯ ಸಂದರ್ಭದಲ್ಲಿ ತಿಳಿದುಬಂದ ರೋಗಿಯ ಗುಟ್ಟನ್ನು ವೈದ್ಯರು ಹೊರಗೆಡಹುವಂತಿಲ್ಲ. ನ್ಯಾಯಾಧೀಶರ ಆದೇಶವಿದ್ದಾಗ, ನಿರ್ದಿಷ್ಟ ವ್ಯಕ್ತಿಗೋ ಸಮುದಾಯಕ್ಕೋ ಗಂಭೀರ ಅಪಾಯವಿದೆಯೆಂದು ಕಂಡಾಗ, ಮತ್ತು ಸರ್ಕಾರಕ್ಕೆ ತಿಳಿಸಲೇಬೇಕಾದ ರೋಗಗಳ ವಿಷಯದಲ್ಲಿ ಮಾತ್ರ ವಿನಾಯಿತಿಯಿದೆ. ರೋಗಿಯ ಅತ್ತೆ ಕೇಳಿದರು, ಮನೆಯ ಮಾಲೀಕರು ಕೇಳಿದರು, ಕೆಲಸ ಕೊಟ್ಟವರು ಫೋನ್ ಮಾಡಿದರು ಎಂಬುದು ಈ ವಿನಾಯಿತಿಗಳಲ್ಲಿ ಎಲ್ಲಿಯೂ ಬರುವುದಿಲ್ಲ.

ಇದಲ್ಲದೆ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗವು 2018ರಲ್ಲಿ ಸಿದ್ಧಪಡಿಸಿದ ರೋಗಿಗಳ ಹಕ್ಕುಗಳ ಸನ್ನದು ಇದೆ. ನಮ್ಮ ರಾಜ್ಯದಲ್ಲಿ ಖಾಸಗಿ ಕ್ಲಿನಿಕ್, ನರ್ಸಿಂಗ್ ಹೋಮ್, ಲ್ಯಾಬುಗಳನ್ನೆಲ್ಲ ನೋಂದಾಯಿಸುವ 2007ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಅಧಿನಿಯಮಕ್ಕೆ 2017ರಲ್ಲಿ ತಂದ ತಿದ್ದುಪಡಿಯಲ್ಲಿಯೂ ರೋಗಿಗಳ ಸನ್ನದು ಸೇರಿದೆ.

ಕೌಂಟರಿನಲ್ಲಿ

ಕಂಪ್ಯೂಟರಿಗೆ ಕನ್ನ ಹಾಕಿ ಮಾಹಿತಿ ಕದಿಯುವ ಸುದ್ದಿಗಳನ್ನು ಪತ್ರಿಕೆಗಳಲ್ಲಿ ಓದುತ್ತೇವೆ. ನಾನು ಕಂಡಂತೆ ಊರಿನ ಕ್ಲಿನಿಕ್ಕುಗಳಲ್ಲಿ ಗುಟ್ಟು ಸೋರುವುದು ಹೆಚ್ಚಾಗಿ ಬಾಯಿಂದ, ತೆರೆದಿಟ್ಟ ಪುಸ್ತಕದಿಂದ ಮತ್ತು ಮೊಬೈಲಿನಿಂದ.

ಚೀಟಿ ಮಾಡಿಸುವಾಗ ಹೆಸರು, ವಯಸ್ಸು, ವಿಳಾಸ, ಫೋನ್ ನಂಬರು ಕೊಡುವುದು ಸಹಜವಾದದ್ದು. ಕಾಯಿಲೆ ಏನೆಂದು ಅಲ್ಲಿಯೇ ವಿವರಿಸಬೇಕಾದ ಅಗತ್ಯವಿಲ್ಲ. "ಅದನ್ನು ಡಾಕ್ಟರ ಹತ್ತಿರ ಹೇಳ್ತೀನಿ" ಎಂಬ ಒಂದು ಮಾತು ಸಾಕು. ಯಾವ ವಿಭಾಗಕ್ಕೆ ಕಳುಹಿಸಬೇಕೆಂದು ತಿಳಿಯಬೇಕಾದರೆ, "ಲೇಡಿ ಡಾಕ್ಟರನ್ನು ನೋಡಬೇಕು" ಅಥವಾ "ಚರ್ಮದ ಡಾಕ್ಟರನ್ನು ನೋಡಬೇಕು" ಎಂದರೆ ಅಷ್ಟೇ ಸಾಕಾಗುತ್ತದೆ. ಒತ್ತಾಯಿಸಿದರೆ ಒಂದು ತುಂಡು ಕಾಗದದಲ್ಲಿ ಬರೆದುಕೊಡಿ. ಕೌಂಟರಿನವರ ಮೇಲೆ ಸಿಟ್ಟಾಗುವುದರಿಂದ ಪ್ರಯೋಜನವಿಲ್ಲ. ದನಿ ತಗ್ಗಿಸಿ ಕೇಳಬೇಕೆಂದು ಅವರಿಗೆ ಯಾರೂ ಕಲಿಸಿಕೊಟ್ಟಿರುವುದಿಲ್ಲ.

ಯಾರ ಫೋನ್ ನಂಬರು ಕೊಡುತ್ತೀರಿ ಎಂಬುದರ ಬಗ್ಗೆ ಇದಕ್ಕಿಂತ ಹೆಚ್ಚು ಎಚ್ಚರ ಬೇಕು. ಈಗ ಲ್ಯಾಬ್ ರಿಪೋರ್ಟು, ಸ್ಕ್ಯಾನಿಂಗ್ ರಿಪೋರ್ಟು, ಮುಂದಿನ ಭೇಟಿಯ ನೆನಪೋಲೆ ಎಲ್ಲವೂ ಚೀಟಿಯಲ್ಲಿ ಬರೆಸಿದ ನಂಬರಿಗೆ ಎಸ್‌ಎಂಎಸ್‌ನಲ್ಲಿಯೋ ವಾಟ್ಸ್‌ಆ್ಯಪ್‌ನಲ್ಲಿಯೋ ಬರುತ್ತದೆ. ಮನೆಯ ಹೆಂಗಸರು ಗಂಡನ ನಂಬರನ್ನೋ, ವಯಸ್ಸಾದವರು ಮಗನ ನಂಬರನ್ನೋ ಬರೆಸುವುದು ವಾಡಿಕೆ. ಕೆಲವೊಮ್ಮೆ ಅದೇ ಸರಿಯಾದದ್ದೂ ಹೌದು. ಆದರೆ ಗರ್ಭ ನಿಂತಿದೆಯೇ ಎಂಬ ಪರೀಕ್ಷೆಯ ಫಲಿತಾಂಶ ತನಗಿಂತ ಮೊದಲು ಇಡೀ ಮನೆಗೆ ತಿಳಿದುಬಿಟ್ಟಿತೆಂದು ನಮ್ಮ ವಿಭಾಗಕ್ಕೆ ಬಂದು ಅತ್ತವರನ್ನು ನಾನು ನೋಡಿದ್ದೇನೆ. ನಿಮಗೇ ನೇರವಾಗಿ ತಲುಪಬೇಕಾದ ವಿಷಯವಾದರೆ ನಿಮ್ಮ ನಂಬರನ್ನೇ ಕೊಡಿ. ಸ್ವಂತ ಫೋನ್ ಇಲ್ಲದಿದ್ದರೆ, "ರಿಪೋರ್ಟನ್ನು ಯಾರಿಗೂ ಕಳಿಸಬೇಡಿ, ನಾನೇ ಬಂದು ತಗೊಳ್ತೀನಿ" ಎಂದು ಹೇಳಿ, ಆ ಮಾತನ್ನು ಚೀಟಿಯ ಮೇಲೆ ಬರೆಸಿ. ಹಳೆಯ ಚೀಟಿಯಲ್ಲಿ ಬೇರೆ ನಂಬರು ಉಳಿದಿದ್ದರೆ ಕಂಪ್ಯೂಟರಿನಲ್ಲಿ ಅದನ್ನು ಬದಲಿಸಲು ಹೇಳುವುದನ್ನು ಮರೆಯಬೇಡಿ, ಏಕೆಂದರೆ ಹೊಸ ಚೀಟಿ ಮಾಡಿದರೂ ಸಂದೇಶ ಹೋಗುವುದು ಮೊದಲೇ ನಮೂದಾದ ನಂಬರಿಗೆ.

ವೈದ್ಯರ ಕೋಣೆಯಲ್ಲಿ

ಜನಸಂದಣಿಯ ಕ್ಲಿನಿಕ್ಕುಗಳಲ್ಲಿ ಒಬ್ಬರನ್ನು ಪರೀಕ್ಷಿಸುತ್ತಿರುವಾಗಲೇ ಮುಂದಿನ ಇಬ್ಬರನ್ನು ಒಳಗೆ ಕರೆದು ಸ್ಟೂಲಿನ ಮೇಲೆ ಕೂರಿಸುತ್ತಾರೆ. ಸಮಯ ಉಳಿಸಲು ಮಾಡುವ ಏರ್ಪಾಡು ಇದು, ಇದರ ಹಿಂದೆ ಕೆಟ್ಟ ಉದ್ದೇಶವಿಲ್ಲ. ಆದರೂ ನಿಮ್ಮ ಸರದಿ ಬಂದಾಗ, "ಸಾರ್, ಸ್ವಲ್ಪ ಒಬ್ಬರೇ ಇದ್ದಾಗ ಮಾತಾಡಬೇಕಿತ್ತು" ಎಂದು ಕೇಳಿ. ಹಾಗೆ ಕೇಳಿದವರಿಗೆ ಇಲ್ಲವೆಂದ ವೈದ್ಯರು ನನ್ನ ಅನುಭವದಲ್ಲಿ ಅಪರೂಪ. ಪುರುಷ ವೈದ್ಯರು ಮಹಿಳೆಯನ್ನು ಪರೀಕ್ಷಿಸುವಾಗ ಇನ್ನೊಬ್ಬ ಮಹಿಳೆ ಹತ್ತಿರ ಇರಬೇಕೆಂಬುದು ರೋಗಿಗಳ ಸನ್ನದಿನಲ್ಲಿರುವ ಹಕ್ಕು. ನರ್ಸ್ ಇಲ್ಲದಿದ್ದರೆ ನಿಮ್ಮ ಜೊತೆ ಬಂದವರನ್ನು ಒಳಗೆ ಕರೆದುಕೊಳ್ಳಬಹುದು. ಮೆಡಿಕಲ್ ಕಾಲೇಜಿನ ಆಸ್ಪತ್ರೆಗಳಲ್ಲಿ ವಿದ್ಯಾರ್ಥಿಗಳ ಗುಂಪು ಸುತ್ತ ನಿಂತಾಗ ಸಂಕೋಚವೆನಿಸಿದರೆ ಅದನ್ನೂ ಹೇಳಬಹುದು. ಅವರು ಕಲಿಯಬೇಕಾದದ್ದು ನಿಜ, ಆದರೆ ನಿಮ್ಮನ್ನು ಕೇಳಿ ಒಪ್ಪಿಗೆ ಪಡೆಯುವುದೂ ಆ ಕಲಿಕೆಯ ಒಂದು ಭಾಗವೇ.

ಗಾಯದ, ಚರ್ಮದ, ಹೆರಿಗೆಯ ಫೋಟೊ ತೆಗೆಯುವುದು ಈಗ ಸಾಮಾನ್ಯವಾಗಿದೆ. ಯಾವ ಕಾರಣಕ್ಕೆ ತೆಗೆಯುತ್ತಿದ್ದಾರೆ, ಯಾರ ಫೋನಿನಲ್ಲಿ ಉಳಿಯುತ್ತದೆ ಎಂದು ಕೇಳಿ. ಗುರುತು ಸಿಗುವ ರೀತಿಯಲ್ಲಿ ರೋಗಿಯ ಫೋಟೊವನ್ನೋ ರೋಗದ ವಿವರವನ್ನೋ ಅನುಮತಿಯಿಲ್ಲದೆ ಪ್ರಕಟಿಸುವುದನ್ನು ಅದೇ ನಿಯಮಾವಳಿಯ 7.17ನೇ ನಿಯಮ ನಿಷೇಧಿಸುತ್ತದೆ. ಕ್ಲಿನಿಕ್ಕಿನ ಇನ್‌ಸ್ಟಾಗ್ರಾಂ ಪುಟದಲ್ಲಿ "ಚಿಕಿತ್ಸೆಗೆ ಮೊದಲು, ಚಿಕಿತ್ಸೆಯ ನಂತರ" ಎಂದು ನಿಮ್ಮ ಮುಖ ಕಾಣಿಸಿಕೊಂಡರೆ ತೆಗೆಸಲು ಕೇಳುವ ಹಕ್ಕು ನಿಮಗಿದೆ.

ಒಳರೋಗಿಯಾಗಿ ದಾಖಲಾಗುವಾಗ ಮಾಡಬೇಕಾದ ಒಂದು ಸಣ್ಣ ಕೆಲಸವನ್ನು ಬಹಳ ಜನ ಮಾಡುವುದಿಲ್ಲ. ನಿಮ್ಮ ಸ್ಥಿತಿಗತಿಯನ್ನು ಯಾರಿಗೆ ತಿಳಿಸಬಹುದು ಎಂದು ಒಬ್ಬರ ಅಥವಾ ಇಬ್ಬರ ಹೆಸರನ್ನು ಬರೆದುಕೊಟ್ಟು ಕೇಸ್ ಶೀಟಿಗೆ ಸೇರಿಸಲು ಹೇಳಿ. ನೋಡಲು ಬಂದ ಬಂಧುಗಳೆಲ್ಲರೂ ಡ್ಯೂಟಿ ನರ್ಸನ್ನು ಸುತ್ತುವರಿದು "ಏನಂತೆ? ಏನಂತೆ?" ಎಂದು ಕೇಳುವಾಗ, "ಇವರಿಗೆ ಮಾತ್ರ ಹೇಳಬೇಕೆಂದು ಬರೆದಿದ್ದಾರೆ" ಎನ್ನಲು ನರ್ಸಿಗೂ ಆಗ ಒಂದು ಆಸರೆ ಸಿಗುತ್ತದೆ.

ನಿಮ್ಮ ದಾಖಲೆಗಳನ್ನು ಪಡೆಯುವುದು

ಗೋಪ್ಯತೆಗೆ ಎರಡು ಮುಖಗಳಿವೆ: ಬೇರೆಯವರಿಗೆ ಸಿಗದಂತೆ ಕಾಯುವುದು ಒಂದು, ನಿಮಗೆ ತಡೆಯಿಲ್ಲದೆ ಸಿಗುವುದು ಇನ್ನೊಂದು. ಎರಡನೆಯದರಲ್ಲಿಯೇ ಜನ ಹೆಚ್ಚು ಅಲೆದಾಡುತ್ತಾರೆ. "ಫೈಲು ಆಸ್ಪತ್ರೆಯ ಆಸ್ತಿ, ಕೊಡೋಕೆ ಬರಲ್ಲ" ಎಂಬ ಉತ್ತರವನ್ನು ನಾನು ಸಾಕಷ್ಟು ಸಲ ಕೇಳಿದ್ದೇನೆ. ಮೂಲ ಕಡತವನ್ನು ಆಸ್ಪತ್ರೆ ತನ್ನಲ್ಲಿ ಇಟ್ಟುಕೊಳ್ಳಬಹುದು, ಆದರೆ ಅದರ ಪ್ರತಿ ಕೊಡುವುದಿಲ್ಲ ಎನ್ನುವಂತಿಲ್ಲ. 2002ರ ನಿಯಮಾವಳಿಯ 1.3.1ನೇ ನಿಯಮದಂತೆ ಒಳರೋಗಿಗಳ ದಾಖಲೆಗಳನ್ನು ಚಿಕಿತ್ಸೆ ಆರಂಭವಾದ ದಿನದಿಂದ 3 ವರ್ಷ ಕಾಯ್ದಿಡಬೇಕು, 1.3.2ನೇ ನಿಯಮದಂತೆ ರೋಗಿಯಾಗಲಿ, ರೋಗಿಯಿಂದ ಅಧಿಕಾರ ಪಡೆದವರಾಗಲಿ ಕೇಳಿದಾಗ ಸ್ವೀಕೃತಿ ಕೊಟ್ಟು 72 ಗಂಟೆಯೊಳಗೆ ಒದಗಿಸಬೇಕು. ಕೊಡದಿರುವುದು ವೃತ್ತಿಯ ದುರ್ನಡತೆ ಎಂದು 7.2ನೇ ನಿಯಮ ಹೇಳುತ್ತದೆ.

ಇದರಲ್ಲಿ ಗಮನಿಸಬೇಕಾದದ್ದು ಏನೆಂದರೆ ಈ ಮೂರು ವರ್ಷದ ಮಾತು ಒಳರೋಗಿಗಳಿಗೆ ಸಂಬಂಧಿಸಿದ್ದು. ಹೊರರೋಗಿಯಾಗಿ ತೋರಿಸಿಕೊಂಡು ಬಂದ ಚೀಟಿಯ ಇನ್ನೊಂದು ಪ್ರತಿ ಕ್ಲಿನಿಕ್ಕಿನಲ್ಲಿ ಇಲ್ಲದಿರಬಹುದು. ಆದ್ದರಿಂದ ಚೀಟಿಗಳನ್ನು ಮೆಡಿಕಲ್ ಸ್ಟೋರಿನಲ್ಲಿ ಬಿಟ್ಟುಬರದೆ, ವರ್ಷವಾರು ಒಂದು ಪ್ಲಾಸ್ಟಿಕ್ ಫೈಲಿನಲ್ಲಿ ಇಟ್ಟುಕೊಳ್ಳಿ. ಲ್ಯಾಬಿನ ಬಿಲ್ಲಿನಂತಹ ಕಾಗದದ ಅಕ್ಷರಗಳು ಕೆಲವೇ ತಿಂಗಳಲ್ಲಿ ಮಾಸಿಹೋಗುತ್ತವೆ, ಅವುಗಳ ಜೆರಾಕ್ಸ್ ಮಾಡಿಸಿಡಿ.

ಬಾಯಿಮಾತಿನಲ್ಲಿ ಕೇಳಿದ್ದಕ್ಕೆ ಲೆಕ್ಕವಿಲ್ಲ. ಕೆಳಗಿನಂತೆ ಅರ್ಜಿ ಬರೆಯಿರಿ.

"ಇವರಿಗೆ, ಆಡಳಿತಾಧಿಕಾರಿಗಳು, ಆಸ್ಪತ್ರೆಯ ಹೆಸರು, ಊರು. ಮಾನ್ಯರೇ, ವಿಷಯ: ಚಿಕಿತ್ಸಾ ದಾಖಲೆಗಳ ಪ್ರತಿಗಳನ್ನು ಕೋರಿ. ನಾನು ಇಂತಹ ದಿನಾಂಕದಿಂದ ಇಂತಹ ದಿನಾಂಕದವರೆಗೆ ತಮ್ಮ ಆಸ್ಪತ್ರೆಯಲ್ಲಿ ಒಳರೋಗಿಯಾಗಿ ಚಿಕಿತ್ಸೆ ಪಡೆದಿರುತ್ತೇನೆ. ನನ್ನ ಒಳರೋಗಿ ಸಂಖ್ಯೆ ಇಂತಿದೆ. ನನ್ನ ಕೇಸ್ ಶೀಟ್, ನರ್ಸಿಂಗ್ ಚಾರ್ಟ್, ಔಷಧ ಕೊಟ್ಟ ವಿವರ, ಆಪರೇಷನ್ ಟಿಪ್ಪಣಿ, ಅರಿವಳಿಕೆಯ ಟಿಪ್ಪಣಿ, ನಾನು ಸಹಿ ಮಾಡಿದ ಒಪ್ಪಿಗೆ ಪತ್ರಗಳು, ಎಲ್ಲ ಪರೀಕ್ಷಾ ವರದಿಗಳು ಹಾಗೂ ಡಿಸ್ಚಾರ್ಜ್ ಸಮ್ಮರಿಯ ಪ್ರತಿಗಳನ್ನು 2002ರ ವೈದ್ಯಕೀಯ ವೃತ್ತಿ ನಡವಳಿಕೆ ನಿಯಮಾವಳಿಯ 1.3.2ನೇ ನಿಯಮದಂತೆ 72 ಗಂಟೆಯೊಳಗೆ ನೀಡಬೇಕೆಂದು ಕೋರುತ್ತೇನೆ. ಜೆರಾಕ್ಸ್ ವೆಚ್ಚವನ್ನು ನಾನು ಭರಿಸುತ್ತೇನೆ."

ಅರ್ಜಿಯನ್ನು ಎರಡು ಪ್ರತಿ ಮಾಡಿ, ಎರಡನೆಯದರ ಮೇಲೆ ಮೊಹರು, ಸಹಿ, ದಿನಾಂಕದ ಜೊತೆಗೆ ಹೊತ್ತನ್ನೂ ಹಾಕಿಸಿಕೊಳ್ಳಿ. 72 ಗಂಟೆಯ ಲೆಕ್ಕ ಅಲ್ಲಿಂದಲೇ ಶುರುವಾಗುತ್ತದೆ. ಸ್ವೀಕೃತಿ ಕೊಡಲು ಒಪ್ಪದಿದ್ದರೆ ಅದೇ ದಿನ ನೋಂದಾಯಿತ ಅಂಚೆಯಲ್ಲಿ ಕಳುಹಿಸಿ. ಬೇರೆಯವರು ತರಲು ಹೋಗುವುದಾದರೆ ನಿಮ್ಮ ಸಹಿಯುಳ್ಳ ಅಧಿಕಾರ ಪತ್ರ ಮತ್ತು ಇಬ್ಬರ ಗುರುತಿನ ಚೀಟಿಯ ಪ್ರತಿ ಜೊತೆಗಿರಲಿ. ಎಂಆರ್‌ಡಿಯವರು ಇವನ್ನು ಕೇಳಿದರೆ ಬೇಸರ ಮಾಡಿಕೊಳ್ಳಬೇಡಿ, ನಿಮ್ಮ ಫೈಲು ದಾರಿಹೋಕರ ಕೈಗೆ ಹೋಗದಿರಲೆಂದೇ ಅದನ್ನು ಕೇಳುತ್ತಾರೆ. ಪಟ್ಟಿಯಲ್ಲಿ ನರ್ಸಿಂಗ್ ಚಾರ್ಟ್ ಎಂದು ಹೆಸರಿಟ್ಟು ಬರೆಯುವುದಕ್ಕೂ ಕಾರಣವಿದೆ: "ಎಲ್ಲ ದಾಖಲೆ" ಎಂದಷ್ಟೇ ಬರೆದವರಿಗೆ ಸಾಮಾನ್ಯವಾಗಿ ಡಿಸ್ಚಾರ್ಜ್ ಸಮ್ಮರಿ ಮಾತ್ರ ಸಿಗುತ್ತದೆ. ಯಾವ ಹೊತ್ತಿಗೆ ಜ್ವರ ಎಷ್ಟಿತ್ತು, ಯಾವ ಇಂಜೆಕ್ಷನ್ ಯಾವಾಗ ಕೊಟ್ಟರು ಎಂಬ ಗಂಟೆಗಂಟೆಯ ಲೆಕ್ಕವಿರುವುದು ಆ ಚಾರ್ಟಿನಲ್ಲಿ. ಎರಡನೇ ವೈದ್ಯರ ಅಭಿಪ್ರಾಯ ಪಡೆಯುವವರಿಗೆ ಅದಕ್ಕಿಂತ ಬೆಲೆಬಾಳುವ ಕಾಗದ ಬೇರೆಯಿಲ್ಲ.

ಸರ್ಕಾರಿ ಆಸ್ಪತ್ರೆಯಾದರೆ ಮೊದಲು ಇದೇ ಅರ್ಜಿ ಕೊಟ್ಟು ನೋಡಿ. ಫಲ ಸಿಗದಿದ್ದರೆ 10 ರೂಪಾಯಿ ಶುಲ್ಕದೊಂದಿಗೆ ಮಾಹಿತಿ ಹಕ್ಕಿನಡಿ ನಿಮ್ಮದೇ ದಾಖಲೆಯನ್ನು ಕೇಳಬಹುದು, 30 ದಿನದೊಳಗೆ ಉತ್ತರ ಬರಬೇಕು. ಬೇರೆಯವರು ನಿಮ್ಮ ದಾಖಲೆಯನ್ನು ಇದೇ ದಾರಿಯಲ್ಲಿ ಪಡೆಯಲು ಹೊರಟರೆ, ವೈಯಕ್ತಿಕ ಮಾಹಿತಿಯೆಂಬ ಕಾರಣಕ್ಕೆ ಅದನ್ನು ನಿರಾಕರಿಸಲು ಅದೇ ಕಾಯ್ದೆಯ 8ನೇ ಸೆಕ್ಷನ್ನಿನಲ್ಲಿ ಅವಕಾಶವಿದೆ.

ಹೆಚ್ಚಿನ ರಕ್ಷಣೆಯಿರುವ ವಿಷಯಗಳು

ಎಚ್‌ಐವಿ ವಿಷಯದಲ್ಲಿ ಕಾನೂನು ಬಹಳ ಕಟ್ಟುನಿಟ್ಟಾಗಿದೆ. 2017ರ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆ 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿದ್ದು, ತಿಳಿವಳಿಕೆಯ ಒಪ್ಪಿಗೆಯಿಲ್ಲದೆ ಪರೀಕ್ಷೆ ಮಾಡುವಂತಿಲ್ಲ, ನ್ಯಾಯಾಲಯದ ಆದೇಶವಿಲ್ಲದೆ ಯಾರನ್ನೂ ತಮ್ಮ ಸ್ಥಿತಿ ಹೇಳುವಂತೆ ಬಲವಂತ ಮಾಡುವಂತಿಲ್ಲ. ಸಂಗಾತಿಗೆ ವೈದ್ಯರೇ ತಿಳಿಸಬೇಕಾಗಿ ಬಂದರೂ, ಮೊದಲು ರೋಗಿಗೆ ಆಪ್ತಸಮಾಲೋಚನೆ ನಡೆಸಿ, ಅವರೇ ಹೇಳಲು ಒಪ್ಪದಿರುವುದನ್ನು ಮನಗಂಡು, ತಾವು ತಿಳಿಸಲಿದ್ದೇವೆಂದು ರೋಗಿಗೆ ಮುಂಚಿತವಾಗಿ ಹೇಳಿ, ಆನಂತರವೇ ಖುದ್ದಾಗಿ ತಿಳಿಸಬೇಕು. ರೋಗಿ ಹೆಂಗಸಾಗಿದ್ದು, ಸಂಗಾತಿಗೆ ತಿಳಿಸಿದರೆ ಅವಳಿಗೆ ಹೊಡೆತವೋ ಮನೆಯಿಂದ ಹೊರಹಾಕುವುದೋ ಆದೀತೆಂಬ ಭಯವಿದ್ದರೆ ವೈದ್ಯರು ತಿಳಿಸುವಂತಿಲ್ಲ. ಹಾಸಿಗೆಯ ಮೇಲೋ ಫೈಲಿನ ಹೊದಿಕೆಯ ಮೇಲೋ ಕೆಂಪು ಶಾಯಿಯಲ್ಲಿ ಎಲ್ಲರಿಗೂ ಕಾಣುವಂತೆ ಬರೆದಿರುವುದನ್ನು ಕಂಡರೆ ಕೂಡಲೇ ತೆಗೆಸಲು ಹೇಳಿ.

ಮಾನಸಿಕ ಆರೋಗ್ಯ ಕಾಯ್ದೆ 2017ರ 23ನೇ ಸೆಕ್ಷನ್ ಗೋಪ್ಯತೆಯ ಹಕ್ಕನ್ನೂ, 25ನೇ ಸೆಕ್ಷನ್ ಪ್ರಾಥಮಿಕ ವೈದ್ಯಕೀಯ ದಾಖಲೆಗಳನ್ನು ನೋಡುವ ಹಕ್ಕನ್ನೂ ಕೊಡುತ್ತದೆ. ಯಾವುದಾದರೂ ವಿವರ ತಿಳಿಸಿದರೆ ರೋಗಿಯ ಮನಸ್ಸಿಗೆ ಗಂಭೀರ ಹಾನಿಯಾದೀತೆಂದು ವೈದ್ಯರು ಅದನ್ನು ತಡೆಹಿಡಿಯಬಹುದಾದರೂ, ಆ ಕಾಯ್ದೆಯಡಿಯ ಮಾನಸಿಕ ಆರೋಗ್ಯ ಪರಿಶೀಲನಾ ಮಂಡಳಿಗೆ ಮೊರೆಹೋಗುವ ದಾರಿಯಿದೆಯೆಂದು ರೋಗಿಗೆ ಹೇಳಬೇಕು. ಗರ್ಭಪಾತ ಮಾಡಿಸಿಕೊಂಡ ಮಹಿಳೆಯ ಹೆಸರು, ವಿವರಗಳನ್ನು ಕಾನೂನಿನ ಅಧಿಕಾರವಿಲ್ಲದವರಿಗೆ ಹೇಳುವುದು ಗರ್ಭಪಾತ ಕಾಯ್ದೆಯ 2021ರ ತಿದ್ದುಪಡಿಯ ನಂತರ ಒಂದು ವರ್ಷದವರೆಗೆ ಜೈಲು ಶಿಕ್ಷೆಗೆ ಗುರಿಯಾಗಬಹುದಾದ ಅಪರಾಧ. ಹದಿನೆಂಟು ತುಂಬದ ಹುಡುಗಿಯರ ವಿಷಯದಲ್ಲಿ ಪೋಕ್ಸೊ ಕಾಯ್ದೆಯಂತೆ ಪೊಲೀಸರಿಗೆ ತಿಳಿಸುವುದು ವೈದ್ಯರಿಗೆ ಕಡ್ಡಾಯ. ಆದರೆ ಹುಡುಗಿ ಅಥವಾ ಅವಳ ಪೋಷಕರು ಕೋರಿದರೆ ಆ ವರದಿಯಲ್ಲಿ ಗರ್ಭಪಾತಕ್ಕೆ ಬಂದವಳ ಹೆಸರು, ಗುರುತು ಬರೆಯಬೇಕಾಗಿಲ್ಲ ಎಂದು ಸುಪ್ರೀಂ ಕೋರ್ಟ್ 2022ರ ಸೆಪ್ಟೆಂಬರ್ 29ರ ತೀರ್ಪಿನಲ್ಲಿ ಹೇಳಿದೆ. ಭಯದಿಂದ ನಾಟಿ ಔಷಧದ ಮೊರೆಹೋಗುವ ಕುಟುಂಬಗಳಿಗೆ ಈ ಒಂದು ವಿಷಯ ತಿಳಿದಿದ್ದರೆ ಪ್ರಾಣ ಉಳಿಯಬಹುದು.

ಇದಕ್ಕೆ ಎದುರಾಗಿ, ಕ್ಷಯ ರೋಗವನ್ನು 2012ರಿಂದ ಖಾಸಗಿ ವೈದ್ಯರೂ ಸರ್ಕಾರಕ್ಕೆ ತಿಳಿಸಲೇಬೇಕು. ನಿಮ್ಮ ಹೆಸರು ಕ್ಷಯ ರೋಗಿಗಳ ವಿವರ ದಾಖಲಿಸುವ ಸರ್ಕಾರದ ನಿಕ್ಷಯ್ ಪೋರ್ಟಲಿಗೆ ಸೇರಿದರೆ ಅದು ಗುಟ್ಟು ಬಿಟ್ಟುಕೊಟ್ಟಂತೆ ಅಲ್ಲ. ಆರೋಗ್ಯ ಕಾರ್ಯಕರ್ತರು ಮನೆಗೆ ಬರುವುದು ಅಕ್ಕಪಕ್ಕದವರಿಗೆ ಗೊತ್ತಾದೀತೆಂಬ ಚಿಂತೆಯಿದ್ದರೆ, ಬೇರೆ ಜಾಗದಲ್ಲಿ ಭೇಟಿಯಾಗೋಣವೆಂದು ಅವರನ್ನು ಕೇಳಿಕೊಳ್ಳಿ.

ಕಂಪ್ಯೂಟರು, ವಿಮೆ, ಉದ್ಯೋಗ

ಕೌಂಟರಿನಲ್ಲಿ ಈಗ ಆಭಾ ಸಂಖ್ಯೆ ಮಾಡಿಸುವಂತೆ ಹೇಳುತ್ತಾರೆ. ಇದು 14 ಅಂಕಿಯ ಆರೋಗ್ಯ ಗುರುತು. ಮಾಡಿಸುವುದು ಬಿಡುವುದು ನಿಮ್ಮ ಇಷ್ಟ. ಇದರ ಮೂಲಕ ದಾಖಲೆ ಹಂಚಿಕೊಳ್ಳಲು ನಿಮ್ಮ ಸಮ್ಮತಿ ಬೇಕು, ಆ ಸಮ್ಮತಿಯನ್ನು ಹಿಂತೆಗೆದುಕೊಳ್ಳಲೂಬಹುದು. ಆದ್ದರಿಂದ ಫೋನಿಗೆ ಬಂದ ಒಟಿಪಿಯನ್ನು ಕೇಳಿದವರಿಗೆಲ್ಲ ಹೇಳುವ ಮೊದಲು ಯಾವುದಕ್ಕೆಂದು ವಿಚಾರಿಸಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾಗಿದ್ದು, ಸಂಸ್ಥೆಗಳ ಮುಖ್ಯ ಹೊಣೆಗಳು ಜಾರಿಗೆ ಬರಲು ಅಲ್ಲಿಂದ ಹದಿನೆಂಟು ತಿಂಗಳ ಕಾಲಾವಕಾಶ ಕೊಡಲಾಗಿದೆ.

ವಿಮೆಯಲ್ಲಿ ಚಿಕಿತ್ಸೆ ಪಡೆಯುವಾಗ, ದಾಖಲೆಗಳನ್ನು ಕಂಪನಿಗೆ ಕೊಡಲು ಒಪ್ಪಿಗೆಯಿದೆಯೆಂದು ನೀವೇ ಸಹಿ ಹಾಕಿರುತ್ತೀರಿ. ಅದನ್ನು ಓದಿ ಸಹಿ ಮಾಡಿ. ಕಚೇರಿಗೆ ರಜೆಯ ಪ್ರಮಾಣಪತ್ರ ಕೊಡುವಾಗ, ರೋಗದ ಹೆಸರಿಲ್ಲದೆ ಎಷ್ಟು ದಿನದ ವಿಶ್ರಾಂತಿ ಬೇಕೆಂದಷ್ಟೇ ಬರೆದರೆ ಸಾಕಾಗುವುದೇ ಎಂದು ಮೊದಲು ಕಚೇರಿಯಲ್ಲಿ ವಿಚಾರಿಸಿ, ಆಮೇಲೆ ವೈದ್ಯರನ್ನು ಕೇಳಿ.

ಕ್ಲಿನಿಕ್ ನಡೆಸುವವರಿಗೂ ಒಂದು ಮಾತು. ಕೌಂಟರಿನ ಕಂಪ್ಯೂಟರ್ ಪರದೆಯನ್ನು ಗೋಡೆಯ ಕಡೆಗೆ ತಿರುಗಿಸಿ, ಹೆಸರು ಮತ್ತು ಕಾಯಿಲೆ ಎರಡೂ ಇರುವ ಪುಸ್ತಕವನ್ನು ಮುಚ್ಚಿಡಿ, ಹಳೆಯ ರಿಪೋರ್ಟುಗಳನ್ನು ರದ್ದಿಗೆ ಹಾಕುವ ಮೊದಲು ಹರಿದುಹಾಕಿ. ಇಷ್ಟಕ್ಕೆ ಹಣ ಬೇಕಾಗಿಲ್ಲ.

ದೂರು ಎಲ್ಲಿಗೆ

ಮೊದಲು ವೈದ್ಯರಿಗೋ ಆಡಳಿತಾಧಿಕಾರಿಗೋ ಬರವಣಿಗೆಯಲ್ಲಿ ತಿಳಿಸಿ. ಎಷ್ಟೋ ತಪ್ಪುಗಳು ಅಲ್ಲಿಯೇ ಸರಿಹೋಗುತ್ತವೆ. ಸರಿಹೋಗದಿದ್ದರೆ ಖಾಸಗಿ ಸಂಸ್ಥೆಗಳ ಮೇಲಿನ ದೂರನ್ನು ಜಿಲ್ಲಾಧಿಕಾರಿ ಅಧ್ಯಕ್ಷರಾಗಿರುವ ನೋಂದಣಿ ಮತ್ತು ಕುಂದುಕೊರತೆ ನಿವಾರಣಾ ಪ್ರಾಧಿಕಾರಕ್ಕೆ ಕೊಡಬಹುದು; ಜಿಲ್ಲಾ ಆರೋಗ್ಯ ಅಧಿಕಾರಿಯ ಕಚೇರಿಯಲ್ಲಿ ವಿಚಾರಿಸಿದರೆ ದಾರಿ ತೋರಿಸುತ್ತಾರೆ. ವೈದ್ಯರ ವೃತ್ತಿಪರ ನಡವಳಿಕೆಯ ದೂರು ಬೆಂಗಳೂರಿನಲ್ಲಿರುವ ಕರ್ನಾಟಕ ವೈದ್ಯಕೀಯ ಪರಿಷತ್ತಿಗೆ ಹೋಗಬೇಕು. ಪರಿಹಾರದ ಹಣ ಬೇಕೆಂದರೆ ಜಿಲ್ಲಾ ಗ್ರಾಹಕರ ಆಯೋಗವಿದೆ: ಎಲ್ಲರಿಗೂ ಉಚಿತವಾಗಿ ಚಿಕಿತ್ಸೆ ಕೊಡುವ ಆಸ್ಪತ್ರೆಗಳು ಅದರ ವ್ಯಾಪ್ತಿಗೆ ಬರುವುದಿಲ್ಲ, ಹಣ ಕೊಟ್ಟು ಪಡೆದ ಚಿಕಿತ್ಸೆಗೆ ಅದು ಅನ್ವಯಿಸುತ್ತದೆ, ಮತ್ತು ಘಟನೆ ನಡೆದ 2 ವರ್ಷದೊಳಗೆ ದೂರು ದಾಖಲಾಗಬೇಕು. ಮೊಹರು ಹಾಕಿಸಿಕೊಂಡ ಆ ಅರ್ಜಿಯ ಪ್ರತಿ ಈ ಎಲ್ಲ ಕಡೆಯೂ ನೀವು ಮೇಜಿನ ಮೇಲೆ ಇಡಬೇಕಾದ ಮೊದಲ ಕಾಗದ.